ಹುಬ್ಬಿನ ಅಕ್ಕಾರು

ಆರತಿ ಹಾಡುವಾಗ ನಾನು ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ. ಇದು ಹರಕೆಯಲ್ಲ, ವ್ರತವಲ್ಲ, ದೇವರ ಮೇಲಿನ ಸಿಟ್ಟೂ ಅಲ್ಲ. ಕುಂದಗೋಳದ ನಮ್ಮ ಓಣಿಯವರಿಗೆಲ್ಲ ಇದು ರೂಢಿಯಾಗಿ ಹೋಗಿದೆ. ಗಣಪತಿ ಕೂರಿಸುವಾಗಲೇ ನನಗೆ ಅಂತ ಒಂದು ಗೋಡೆ ಖಾಲಿ ಬಿಡುತ್ತಾರೆ. ಆದರೆ ಈ ಸಲ ಬಾಜು ಮನೆಗೆ ಹೊಸ ಸೊಸೆ ಬಂದಿದ್ದಾಳೆ. ಪಾಪ, ಅವಳಿಗೇನು ಗೊತ್ತು? ಚೌತಿಯ ದಿನ ಅವರ ಮನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತ ಗಣಪತಿಯನ್ನು ನೋಡುತ್ತಿದ್ದರೆ ನಾನೊಬ್ಬಳೇ ಕ್ಯಾಲೆಂಡರ್ ನೋಡುತ್ತ ನಿಂತಿದ್ದೆ. ಪ್ರಸಾದ ಹಂಚುವಾಗ ಹುಡುಗಿ ಹತ್ತಿರ ಬಂದಳು.

“ಆಂಟಿ, ನಮ್ಮ ಮ್ಯಾಲೆ ಏನರೆ ಸಿಟ್ಟ ಐತೇನ್ರಿ?”

“ಇಲ್ಲವಾ. ಯಾಕ?”

“ಮತ್ತ ಗ್ವಾಡಿ ಕಡೆ ಮಾರಿ ಮಾಡಿ ನಿಂತಿದ್ರಿ.”

“ಅದು ನನ್ನ ಹುಬ್ಬಿನ ಸಲುವಾಗಿ,” ಅಂದೆ.

ಅವಳು ನನ್ನ ಹುಬ್ಬು ನೋಡಿದಳು, ಆಮೇಲೆ ತನ್ನ ಅತ್ತೆಯನ್ನು ನೋಡಿದಳು. ಅತ್ತೆ ಹಣೆಯ ಹತ್ತಿರ ಬೆರಳು ತಿರುವಿ ತೋರಿಸಿದ್ದು ನನಗೆ ಕಂಡಿತು. ನನಗೆ ಕಾಣಲಿ ಅಂತಲೇ ತಿರುವಿದ್ದಳು. ನಾವಿಬ್ಬರೂ ಹಳೆಯ ಗೆಳತಿಯರು.

ಹುಬ್ಬಿನ ಕಥೆಯನ್ನು ಒಂದು ಕಡೆ ಕುಳಿತು ಹೇಳಬೇಕು. ಕೂಡುವುದೇ ನನಗೆ ಆಗಿಬರದ ಕೆಲಸ. ಈಗಲೇ ನೋಡಿ, ಇಷ್ಟು ಬರೆಯುವಷ್ಟರಲ್ಲಿ ಎದ್ದು ಹೋಗಿ ಬಚ್ಚಲ ನಳ ಬಿಗಿ ಮಾಡಿ ಬಂದೆ. ಅದು ಒಂದೇ ಲಯದಲ್ಲಿ ತೊಟ್ಟಿಕ್ಕಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಡುನಡುವೆ ಒಂದು ಹನಿ ತಡಮಾಡಿ ಬೀಳುತ್ತದೆ. ಆ ಹನಿಯ ದಾರಿ ಕಾಯುವುದರಲ್ಲಿ ನನ್ನ ಜೀವ ಅರ್ಧ ಆಗುತ್ತದೆ. ಸಣ್ಣವಳಿದ್ದಾಗಿನಿಂದ ಹೀಗೆಯೇ. ಗುಡಗೇರಿಯ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತರೂ ಎದ್ದು ಓಡುವವಳ ಹಾಗೆ ಒಂದು ಮೊಣಕಾಲು ಎತ್ತಿಯೇ ಕೂಡುತ್ತಿದ್ದೆ. “ಕಾಲಾಗ ಗಾಲಿ ಕಟಗೊಂಡು ಹುಟ್ಟೀಯೇನ?” ಎಂದು ಅವ್ವ ಬಯ್ಯುತ್ತಿದ್ದಳು.

ಗಾಲಿ ಯಾರ ಕಡೆಯಿಂದ ಬಂತೋ ಗೊತ್ತಿಲ್ಲ. ಹುಬ್ಬು ಮಾತ್ರ ಅಪ್ಪನದು. ಅಪ್ಪನದು ಕಾಳಿನ ವ್ಯಾಪಾರ. ಸಂತೆಯ ದಿನ ರೈತರು ಚೀಲ ಬಿಚ್ಚಿದಾಗ ಒಂದು ಹಿಡಿ ಜೋಳ ಅಂಗೈಯಲ್ಲಿ ಹರವಿಕೊಂಡು ನೋಡುತ್ತಿದ್ದ. ಬಾಯಿಂದ ಒಂದು ಮಾತಿಲ್ಲ. ಕಾಳಿನ ನಡುವೆ ಹಳ್ಳು, ಅಂದರೆ ಸಣ್ಣ ಕಲ್ಲು, ಕಂಡಿತೋ, ಎಡಗಡೆಯ ಹುಬ್ಬು ಮೆಲ್ಲಗೆ ಮೇಲೇರುತ್ತಿತ್ತು. ಸಾಹುಕಾರರ ಹುಬ್ಬು ಏರಿತು, ಇನ್ನು ದರ ಇಳೀತು ಎಂದು ರೈತರು ತಾವು ತಾವೇ ಆಡಿಕೊಳ್ಳುತ್ತಿದ್ದರು. ಅದೇ ಹುಬ್ಬನ್ನು ದೇವರು ತೆಗೆದು ನನ್ನ ಹಣೆಗೆ ಅಂಟಿಸಿದ. ಒಂದೇ ವ್ಯತ್ಯಾಸವೆಂದರೆ ಅಪ್ಪನ ಹುಬ್ಬಿಗೆ ಕಣ್ಣು ಹುಕುಂ ಕೊಡುತ್ತಿತ್ತು, ನನ್ನದಕ್ಕೆ ಕಿವಿ.

ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಹೆಂಗಸರ ಭಜನೆ ಇರುತ್ತಿತ್ತು. ನಾನು ಕಂಬಕ್ಕೆ ಒರಗಿ, ಕಾಲು ಅಲ್ಲಾಡಿಸುತ್ತ, ಚುರುಮುರಿ ತಿನ್ನುತ್ತ ಕೇಳುತ್ತಿದ್ದೆ. ನಿಂಗವ್ವ ಕಾಕು ಎಂಬ ಒಬ್ಬಳು ಪ್ರತಿ ಸಾಲಿನ ಕೊನೆಯನ್ನೂ ಬೇರೆಯವರಿಗಿಂತ ಒಂದು ಗುಟುಕು ಹೆಚ್ಚು ಎಳೆಯುತ್ತಿದ್ದಳು. ಎಳೆದಾಗೊಮ್ಮೆ ನನ್ನ ಹುಬ್ಬು ಏರುತ್ತಿತ್ತಂತೆ. ನನಗೆ ಅದರ ಪರಿವೆಯೇ ಇರಲಿಲ್ಲ. ಒಂದು ಸೋಮವಾರ ಕಾಕು ತಾಳ ಕೆಳಗಿಟ್ಟು, “ಈ ಹುಡುಗಿ ಮುಂದ ಹಾಡಾಕ ಆಗಂಗಿಲ್ಲ ನೋಡವಾ. ಪೋಲೀಸ ಕುಂತಂಗ ಕುಂದರತೈತಿ,” ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತೇ ಅರ್ಥ ಮಾಡಿಕೊಳ್ಳಬೇಕಿತ್ತು. ಆದರೆ ಚುರುಮುರಿ ಇನ್ನೂ ಉಳಿದಿತ್ತು.

ಎಂಬತ್ತರ ದಶಕದ ನಡುವಿನಲ್ಲಿ ನಾನು ಸಂಗೀತ ಶಿಕ್ಷಕಿ ಆಗುತ್ತೇನೆಂದು ಹಟ ಹಿಡಿದೆ. ಅಪ್ಪ ಒಂದು ಕರಾರು ಮಾಡಿದ. “ಒಂದು ವರ್ಷ ಕಲಿ. ಫಸ್ಟ್ ಕ್ಲಾಸ್ ಬಂದ್ರ ನಮ್ಮೂರ ಸಾಲ್ಯಾಗ ತಗೋತೀವಿ ಅಂದಾರ. ಬರಲಿಲ್ಲ ಅಂದ್ರ ನಾ ನೋಡಿದ ವರಕ್ಕ ಹೂಂ ಅನ್ನಬೇಕು.” ವರ ಯಾರೆಂದು ನನಗೆ ಗೊತ್ತಿತ್ತು. ಗದಗ ಕಡೆಯ ಹತ್ತಿ ವ್ಯಾಪಾರಿಯ ಮಗ. ಒಮ್ಮೆ ನಮ್ಮ ಮನೆಗೆ ಬಂದು ಊಟ ಮುಗಿದ ಮೇಲೂ ಕುಳಿತಲ್ಲಿಂದ ಏಳದೆ ಸಂಜೆಯ ಚಹಾದವರೆಗೆ ಹಾಗೇ ಇದ್ದ. ಅಷ್ಟು ಹೊತ್ತು ಅಲ್ಲಾಡದೆ ಕೂಡಬಲ್ಲ ಮನುಷ್ಯನ ಜತೆ ನನ್ನ ಬಾಳುವೆ ಆಗುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದ್ದೆ. ಅಪ್ಪನ ಕರಾರಿಗೆ ಮಾತ್ರ ಹೂಂ ಅಂದೆ.

ತರಬೇತಿ ಕುಂದಗೋಳದಲ್ಲಿ, ಒಂದು ಕಿರಾಣಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಡೆಯುತ್ತಿತ್ತು. ಬೆಲ್ಲ, ಇಂಗು, ಒಣಮೆಣಸಿನಕಾಯಿಯ ವಾಸನೆ ಹಲಗೆಯ ಸಂದಿಯಿಂದ ಮೇಲೆ ಬರುತ್ತಿತ್ತು. ತಾರಸಪ್ತಕಕ್ಕೆ ಏರಿದಾಗ ಸೀನು ಬರುವುದು ಗ್ಯಾರಂಟಿ. ಮುಂಜಾನೆಯ ಪ್ಯಾಸೆಂಜರ್ ಗಾಡಿಗೆ ನಾನು ಗುಡಗೇರಿಯಿಂದ ಬರುತ್ತಿದ್ದೆ, ತಲೆಯ ತುಂಬ ಎಂಜಿನ್ನಿನ ಕಲ್ಲಿದ್ದಲ ಪುಡಿ. ಕುಂದಗೋಳದವರಿಗೆ ಹಾಡಿನ ವಿಷಯದಲ್ಲಿ ಬಹಳ ಠೇಂಕಾರ. ಆ ಊರಲ್ಲಿ ಕತ್ತೆ ಒದರಿದರೂ ಯಾವ ರಾಗ ಎಂದು ವಾದ ಮಾಡುತ್ತಾರೆಂದು ನಮ್ಮೂರಲ್ಲಿ ಚೇಷ್ಟೆ ಮಾಡುತ್ತಿದ್ದರು.

ನಮಗೆ ಕಲಿಸುತ್ತಿದ್ದವರು ರಾಘಪ್ಪ ಮಾಸ್ತರು. ಬಿಳಿ ಧೋತರ, ಕರಿ ಟೊಪ್ಪಿಗೆ, ಬಾಯಲ್ಲಿ ಯಾವಾಗಲೂ ಒಂದು ಅಡಕೆ ಹೋಳು. ಹಾಡಲು ನಮಗೆ ಅಷ್ಟಿಷ್ಟು ಬರುತ್ತದೆ ಎಂದು ಅವರು ಒಪ್ಪಿಕೊಂಡಿದ್ದರು. ಕಲಿಸಬೇಕಾದದ್ದು ಕೇಳುವುದನ್ನು ಎಂದು ಅವರ ವಾದ. ಮಧ್ಯಾಹ್ನ ಪಕ್ಕದ ಶಾಲೆಯ ಮಕ್ಕಳನ್ನು ಕರೆತಂದು ಒಟ್ಟಿಗೆ ಹಾಡಿಸುತ್ತಿದ್ದರು. ಮುಂದೆ ಶಿಕ್ಷಕರಾಗುವ ನಾವು ಆರೇಳು ಜನ, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗರ ಹಾಗೆ ಮಕ್ಕಳಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಕೂಡಬೇಕು. ಹಾಡು ಮುಗಿದ ಮೇಲೆ ಒಬ್ಬೊಬ್ಬರಿಗೂ ಮೂರು ಪ್ರಶ್ನೆ. ತಪ್ಪು ಎಲ್ಲಿ? ಏನು? ಯಾರು?

“ತಿರುಗಿ ನೋಡಿದ್ರ ಏನಾಗತೈತ್ರಿ?” ಎಂದು ಮೊದಲ ದಿನವೇ ಕೇಳಿದೆ.

“ಕಣ್ಣಿಗೆ ಅವಸರ ಭಾಳ, ತಂಗಿ. ಬಾಯಿ ಅಗಲ ತೆಗದವನ್ನ ನೋಡಿ, ಇವನs ತಪ್ಪಿದಾಂವ ಅಂತ ಹೇಳಿಬಿಡತೈತಿ. ಕಿವಿಗೆ ಕೆಲಸನ ಉಳಿಯಂಗಿಲ್ಲ,” ಎಂದು ಅಡಕೆಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿದರು.

ಮೊದಮೊದಲು ನನಗೆ ಏನೂ ತಿಳಿಯುತ್ತಿರಲಿಲ್ಲ. ಇಪ್ಪತ್ತು ಮೂವತ್ತು ಮಕ್ಕಳ ದನಿ ಕಲಸಿದ ಹಿಟ್ಟಿನ ಹಾಗೆ ಒಂದೇ ಮುದ್ದೆಯಾಗಿ ಬಂದು ಬೆನ್ನಿಗೆ ಬಡಿಯುತ್ತಿತ್ತು. ಒಂದು ದಿನ ಬಹಳ ಧೈರ್ಯ ಮಾಡಿ, ಬಲಗಡೆಯ ಮೂಲೆಯಲ್ಲಿ ಒಬ್ಬ ಶ್ರುತಿ ಬಿಟ್ಟು ಕೀರಲು ದನಿ ತೆಗೆಯುತ್ತಿದ್ದಾನೆ ಅಂದೆ. ಮಾಸ್ತರು ಕಿಟಕಿ ತೋರಿಸಿದರು. ಹಿತ್ತಲ ಬಾವಿಯ ಗಡಗಡಿಗೆ ಎಣ್ಣೆ ಇರಲಿಲ್ಲ. ಅಂಗಡಿಯವನ ಹೆಂಡತಿ ನೀರು ಸೇದುತ್ತಿದ್ದಳು. ನನ್ನ ಪಕ್ಕದಲ್ಲಿ ಕುಳಿತಿದ್ದ ದಾವಲಸಾಬ ಎಷ್ಟು ನಕ್ಕನೆಂದರೆ ಅವನ ಹಣೆ ಗೋಡೆಗೆ ಬಡಿಯಿತು. ದಾವಲಸಾಬ ನೇಕಾರರ ಮನೆಯ ಹುಡುಗ. ಲಯ ತಪ್ಪಿದರೆ ಅವನಿಗೆ ತಟ್ಟನೆ ತಿಳಿಯುತ್ತಿತ್ತು. ಸ್ವರ ತಪ್ಪಿದರೆ ಮಾತ್ರ ನನ್ನ ಕಡೆ ಓರೆಗಣ್ಣು ಹಾಕುತ್ತಿದ್ದ. ನನ್ನ ಹುಬ್ಬು ನೋಡಿ ಉತ್ತರ ಹೇಳುತ್ತಿದ್ದ ಕಳ್ಳ. ನೋಡಿ, ಕಾಕುವಿನ ನಂತರ ಹುಬ್ಬನ್ನು ಓದಿದವನು ಅವನೇ.

ಕೇಳುವುದಕ್ಕೂ ಒಂದು ದಾರಿ ಇತ್ತು. ಎಲ್ಲರನ್ನೂ ಒಟ್ಟಿಗೆ ಕೇಳಬೇಡಿ ಎನ್ನುತ್ತಿದ್ದರು ಮಾಸ್ತರು. ಸಂತೆಯ ಗದ್ದಲದಲ್ಲಿ ಮಗುವಿನ ಕೈ ಹಿಡಿದುಕೊಂಡು ನಡೆಯುವ ಹಾಗೆ ಒಂದು ದನಿಯ ಕೈ ಹಿಡಿಯಿರಿ, ಸಾಲಿನ ಕೊನೆಯವರೆಗೂ ಅದರ ಜತೆ ಹೋಗಿ ಬಿಟ್ಟುಬಿಡಿ, ಮುಂದಿನ ಸಾಲಿಗೆ ಇನ್ನೊಂದರ ಕೈ ಹಿಡಿಯಿರಿ. ಹಾಗೆ ಹಿಡಿಯುತ್ತ ಬಿಡುತ್ತ ಮಳೆಗಾಲ ಮುಗಿಯುವಷ್ಟರಲ್ಲಿ ಮುದ್ದೆ ಒಡೆಯಿತು. ಒಬ್ಬನಿಗೆ ಸಾಲಿನ ಕೊನೆಗೆ ಉಸಿರು ಸಾಲದು. ಇನ್ನೊಬ್ಬನಿಗೆ ಮನೆಗೆ ಓಡುವ ಅವಸರ. ಮತ್ತೊಂದು ವಿಚಿತ್ರವೂ ತಿಳಿಯಿತು. ಜೋರಾಗಿ ಕೇಳುವ ತಪ್ಪು ಮೊದಲು ತಪ್ಪಿದವನದಲ್ಲ, ಅವನನ್ನು ನಂಬಿ ಹಿಂದೆ ಹೋದವನದು. ಮೊದಲಿನವನು ಮೆಲ್ಲಗೆ ದಾರಿ ತಪ್ಪಿಸಿ ಸುಮ್ಮನೆ ನಿಂತಿರುತ್ತಾನೆ. ಅವನನ್ನು ಹಿಡಿದಾಗ ನನಗೆ ಆಗುತ್ತಿದ್ದ ಸಂತೋಷ ಅಷ್ಟಿಷ್ಟಲ್ಲ.

ಆದರೆ ತೆರೆದ ಕಿವಿಗೆ ಕದ ಇಲ್ಲ ಎಂದು ಯಾರೂ ಮೊದಲೇ ಹೇಳಿರಲಿಲ್ಲ. ಗಾಡಿಯಲ್ಲಿ ಯಾರೋ ನಾಲ್ಕು ಜನ ಭಜನೆ ಶುರುಮಾಡಿದರೆ ನಾನು ಮುಂದಿನ ಸ್ಟೇಶನ್ನಿನಲ್ಲಿ ಡಬ್ಬಿ ಬದಲಿಸುತ್ತಿದ್ದೆ. ಮದುವೆಯ ಬ್ಯಾಂಡಿನಲ್ಲಿ ಒಬ್ಬ ತುತ್ತೂರಿಯವನು ಅರ್ಧ ಸ್ವರ ಕೆಳಗಿದ್ದ ಅಂತ ಅಕ್ಷತೆ ಹಾಕುವುದನ್ನೇ ಮರೆತೆ. ರಾತ್ರಿ ನಿದ್ದೆಯಲ್ಲೂ ಯಾರಾದರೂ ಒಬ್ಬರ ಕೈ ಹಿಡಿದು ನಡೆಯುತ್ತಿದ್ದೆ. ಅವ್ವ ಮಾತ್ರ, “ಇದು ಕಲಿಕಿ ಅಲ್ಲ, ರೋಗ,” ಅಂದಳು.

ಸಂಕ್ರಾಂತಿ ಕಳೆದ ಮೇಲೆ ಪಾಠಾಭ್ಯಾಸಕ್ಕೆ ನನ್ನನ್ನು ಯರಗುಪ್ಪಿಯ ಶಾಲೆಗೆ ಹಾಕಿದರು. ಕೆಂಪು ಬಸ್ಸು ಇಳಿದು ಕರಿನೆಲದ ದಾರಿಯಲ್ಲಿ ಸ್ವಲ್ಪ ನಡೆಯಬೇಕು, ಎರಡೂ ಕಡೆ ಕುಸುಬಿ, ಕಡಲೆ. ಅಲ್ಲಿಯ ಮಕ್ಕಳಿಗೆ ಒಂದು ಪ್ರಾರ್ಥನೆಯನ್ನು ಒಟ್ಟಾಗಿ ಹಾಡಲು ಕಲಿಸಬೇಕು, ಕೊನೆಗೆ ಪರೀಕ್ಷಕರು ಬಂದು ಕೇಳುತ್ತಾರೆ. ಇಲ್ಲಿ ಗೋಡೆ ಇಲ್ಲ. ಶಿಕ್ಷಕಿ ಅಂದ ಮೇಲೆ ಮಕ್ಕಳ ಕಡೆ ಮುಖ ಮಾಡಿಯೇ ನಿಲ್ಲಬೇಕು. ಗೋಡೆಯಿಂದ ಬಿಡುಗಡೆ ಸಿಕ್ಕಿತಲ್ಲ ಎಂದು ನಾನು ಖುಷಿಯಾಗಿದ್ದೆ.

ಮೊದಲ ದಿನ ಅವರು ಹಾಡಿದ್ದು ಕೇಳಿ ಹೆಂಚಿನ ಮೇಲಿನ ಪಾರಿವಾಳ ಹಾರಿಹೋದವು. ಎಲ್ಲಕ್ಕಿಂತ ಮೇಲೆ ಕೇಳುತ್ತಿದ್ದದ್ದು ಐದನೆಯ ಇಯತ್ತೆಯ ಗಂಗವ್ವನ ದನಿ. ಎತ್ತರದ ಹುಡುಗಿ, ಮಡಚಿ ಕಟ್ಟಿದ ಎರಡು ಜಡೆ. ಅವ್ವ ಇರಲಿಲ್ಲ, ಅಜ್ಜಿಯ ಜತೆ ಇದ್ದಳು. ಅಜ್ಜಿಯೊಂದಿಗೆ ಬೀಸುಕಲ್ಲಿನ ಮುಂದೆ ಹಾಡಿ ಹಾಡಿ ಪಳಗಿದ ದಪ್ಪ ದನಿ. ಪ್ರಾರ್ಥನೆ ಭೂಪ ರಾಗದ್ದು. ಭೂಪದಲ್ಲಿ ಮ ಎಂಬ ಸ್ವರ ಇಲ್ಲ. ಗ ಆದ ಮೇಲೆ ಮ ಬಿಟ್ಟು ನೇರ ಪ ಹಿಡಿಯಬೇಕು. ಗಂಗವ್ವ ಹಾರುತ್ತಿರಲಿಲ್ಲ. ಅಜ್ಜಿಯ ಹಾಡಿನಲ್ಲಿ ಆ ಮೆಟ್ಟಿಲು ಇತ್ತು, ಇಲ್ಲಿಯೂ ಇದೆ ಎಂದೇ ನಂಬಿ ಅದರ ಮೇಲೆ ಕಾಲಿಟ್ಟು ನಡೆಯುತ್ತಿದ್ದಳು. ಹಿಂದಿನ ಸಾಲಿನ ಅರ್ಧ ಮಕ್ಕಳು ಅವಳ ಬೆನ್ನು ಹತ್ತುತ್ತಿದ್ದರು. ಇಲ್ಲಿಯೂ ಒಬ್ಬ ಅವಸರದವನು, ಒಬ್ಬ ಉಸಿರು ಸಾಲದವನು ಇದ್ದೇ ಇದ್ದರು.

ನಾನು ಬಯ್ಯಲಿಲ್ಲ, ಬಡಿಯಲಿಲ್ಲ. ಕೋಲು ಮುಟ್ಟಲಿಲ್ಲ. ಪುನಃ ಪುನಃ ಹೇಳಿಕೊಟ್ಟೆ ಅಷ್ಟೇ. ದಿನದಿಂದ ದಿನಕ್ಕೆ ಹಾಡು ತಿಳಿಯಾಗುತ್ತ ಬಂತು. ಅವಸರದವನು ಸರಿಹೋದ, ಉಸಿರು ಸಾಲದವನು ಸರಿಹೋದ, ಆ ಇಲ್ಲದ ಮೆಟ್ಟಿಲೂ ಮಾಯವಾಯಿತು. ಮೂವತ್ತು ಬಾಯಿ ಒಟ್ಟಿಗೆ ತೆರೆಯುತ್ತಿದ್ದವು, ಒಟ್ಟಿಗೆ ಮುಚ್ಚುತ್ತಿದ್ದವು. ನನಗೆ ಎಷ್ಟು ಕೋಡು ಮೂಡಿತೆಂದರೆ ಸಂಜೆ ಗಾಡಿಯಲ್ಲಿ ದಾವಲಸಾಬನಿಗೆ, “ನನ್ನ ಹುಡುಗರ ಹಾಡಿನ್ಯಾಗ ಒಂದು ತಪ್ಪು ಹುಡುಕಿ ಕೊಡು, ನಿನಗ ಮಿರ್ಚಿ ಭಜಿ ಕೊಡಸ್ತೇನಿ,” ಅಂದೆ.

“ಹುಡುಕೂದು ಯಾಕ, ಹಂಗs ಕೊಡಸು ಶಾರದಕ್ಕಾ,” ಅಂದ ಅವನು.

ಪರೀಕ್ಷೆಗೆ ಒಂದು ವಾರ ಇರುವಾಗ ರಾಘಪ್ಪ ಮಾಸ್ತರು ನೋಡಲು ಬಂದರು. ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೇಳಿದರು. ಹಾಡು ಮುಗಿಯಿತು.

“ತಪ್ಪು ಎಲ್ಲಿ?”

“ಇಲ್ಲರಿ ಸರ್.”

“ಏನು? ಯಾರು?”

“ಇಲ್ಲವs ಇಲ್ಲರಿ.” ನಗು ತಡೆದುಕೊಳ್ಳುವುದು ನನಗೆ ಕಷ್ಟವಾಗಿತ್ತು.

ಮಾಸ್ತರು ಅಡಕೆ ಅಗಿಯುವುದನ್ನು ನಿಲ್ಲಿಸಿದರು. “ಯಾರು ಹಾಡಲಿಲ್ಲ?”

ಈ ಪ್ರಶ್ನೆಯನ್ನು ಅವರು ಎಂದೂ ಕೇಳಿರಲಿಲ್ಲ. “ಎಲ್ಲಾರೂ ಹಾಡಿದ್ರಲ್ರಿ. ನಾ ನೋಡೇನಿ,” ಅಂದೆ.

“ನೋಡಿದಿ, ಕೇಳಲಿಲ್ಲ. ಗ್ವಾಡಿ ಕಡೆ ತಿರುಗಿ ಮತ್ತೊಮ್ಮೆ ಕೇಳು.”

ತಿರುಗಿದೆ. ಮಕ್ಕಳು ಮತ್ತೆ ಶುರುಮಾಡಿದರು. ರೂಢಿಯ ಹಾಗೆ ಒಂದು ದನಿಯ ಕೈ ಹಿಡಿದೆ, ಅದು ಮಾನಿಟರ್ ಹುಡುಗಿಯದು. ಬಿಟ್ಟು ಇನ್ನೊಂದು ಹಿಡಿದೆ, ಹೆಡ್ ಮಾಸ್ತರ ಮಗ. ಮತ್ತೊಂದು, ಮತ್ತೊಂದು. ಆಮೇಲೆ ಕೈ ಚಾಚಿದರೆ ಹಿಡಿಯಲು ಯಾರೂ ಇರಲಿಲ್ಲ. ಆ ತುಂಬಿದ ಕೋಣೆಯಲ್ಲಿ ಹಾಡುತ್ತಿದ್ದವರು ನಾಲ್ಕೈದು ಜನ. ಉಳಿದವರೆಲ್ಲ ಬಾಯಿ ಮಾತ್ರ ತೆರೆದು ಮುಚ್ಚುತ್ತಿದ್ದರು. ಗಂಗವ್ವನ ದನಿಗಾಗಿ ಹಿಂದಿನ ಸಾಲೆಲ್ಲ ತಡಕಾಡಿದೆ. ಅದು ಎಲ್ಲಿಯೂ ಇರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಮಾಸ್ತರು ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ನಾನು ಮಕ್ಕಳನ್ನು ಕೇಳಿದೆ. ಒಬ್ಬರ ಹಿಂದೆ ಒಬ್ಬರು ಸರಿದರು. ಕೊನೆಗೆ ಮುಂದಿನ ಸಾಲಿನ ಒಂದು ಚೋಟುದ್ದದ ಹುಡುಗ ಬಾಯಿ ಬಿಟ್ಟ.

“ನಿಮ್ಮ ಹುಬ್ಬ ಏರತೈತಲ್ರಿ ಅಕ್ಕಾರ, ಆವಾಗ ನಾವು ಸುಮ್ಮನಾಗತೀವ್ರಿ.”

“ಯಾರು ಹೇಳಿದ್ರು ಹಂಗ ಮಾಡಂತ?”

“ಯಾರೂ ಹೇಳಿಲ್ಲರಿ. ಏರಿದ್ರ ತಪ್ಪಾತು ಅಂತ ಗೊತ್ತಾಗತೈತ್ರಿ. ಗಂಗವ್ವ ಹಾಡಿದಾಗೆಲ್ಲಾ ಏರತಿತ್ತರಿ. ಅದಕ್ಕ ನಾವs ಆಕಿಗೆ ಬಾಯಿ ಅಷ್ಟ ತಗಿ ಅಂತ ಹೇಳಿದ್ವಿ.”

ಗಂಗವ್ವ ನೆಲ ನೋಡುತ್ತ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಊರಲ್ಲೆಲ್ಲ ನನಗೆ ಹುಬ್ಬಿನ ಅಕ್ಕಾರು, ಅಂದರೆ ಹುಬ್ಬಿನ ಟೀಚರು, ಎಂದು ಹೆಸರು ಬಿದ್ದಿದೆ ಎಂಬುದೂ ಅವತ್ತೇ ತಿಳಿಯಿತು.

ಸಂಜೆ ಶಾಲೆಯ ಗೇಟಿನ ಹತ್ತಿರ ಗಂಗವ್ವನ ಅಜ್ಜಿ ನಿಂತಿದ್ದಳು. ಜಗಳಕ್ಕೆ ಬಂದವಳಲ್ಲ. ನಿಜವಾಗಿ ತಿಳಿಯದೆ ಕೇಳಿದಳು. “ಅಕ್ಕಾರ, ಹುಡುಗಿ ಮನ್ಯಾಗೂ ಹಾಡವಲ್ಲಳ್ರಿ. ಬೀಸಾಕ ಕುಂತ್ರ ಸುಮ್ಮನ ಕಲ್ಲು ತಿರುವತಾಳ. ನಾ ಒಬ್ಬಾಕಿನs ಒದರಾಕತ್ತೇನಿ. ಹಾಡ ಕಲಿಸ್ತೀರಿ ಅಂದ್ರು, ಏನ ಕಲಿಸೀರಿ?”

ಗಾಡಿಯಲ್ಲಿ ಕೂಡಲಾಗದೆ ಗುಡಗೇರಿಯವರೆಗೂ ಬಾಗಿಲಲ್ಲಿ ನಿಂತೇ ಬಂದೆ. ಹತ್ತಿ ವ್ಯಾಪಾರಿಯ ಮಗ ನೆನಪಾಗಲಿಲ್ಲ ಎಂದರೆ ಸುಳ್ಳಾದೀತು, ಆದರೆ ಆ ಕಲ್ಲು ತಿರುವುವ ಹುಡುಗಿಯ ಮುಂದೆ ಅವನು ಬಹಳ ಹೊತ್ತು ನಿಲ್ಲಲಿಲ್ಲ.

ಆ ವಾರ ನಾನು ಹುಬ್ಬಿನ ಜತೆ ಮಾಡಿದ ಯುದ್ಧ ಹೇಳಿದರೆ ನಗುತ್ತೀರಿ. ಕೂದಲು ಬಾಚಿ ಹಣೆಯ ಮೇಲೆ ಇಳಿಬಿಟ್ಟೆ, ಹುಬ್ಬಿನ ಜತೆ ಕೂದಲೂ ಎದ್ದು ಕುಣಿಯಿತು. ಅಣ್ಣನ ಕರಿ ಕನ್ನಡಕ ಹಾಕಿಕೊಂಡು ಹೋದೆ, ಕನ್ನಡಕವೇ ಮೇಲೆ ಕೆಳಗೆ ಆಗುವುದನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು. ದಾವಲಸಾಬ, “ನೂಲಿಗೆ ಹಚ್ಚೂ ಗಂಜಿ ಐತಿ, ಹುಬ್ಬಿಗೆ ಬಳದು ಬಿಡೂಣು,” ಎಂದು ಸಲಹೆ ಕೊಟ್ಟ. ಮನೆಯಲ್ಲಿ ಕನ್ನಡಿ ಹಿಡಿದುಕೊಂಡು ನಿಂಗವ್ವ ಕಾಕುವಿನ ಎದುರು ಕೂತು, “ಹಾಡ ಕಾಕು, ಎಳಿ, ಇನ್ನೂ ಎಳಿ,” ಎಂದು ಗೋಗರೆದೆ. ಅವಳು ಪಾಪ ಎಳೆದೇ ಎಳೆದಳು. ಕನ್ನಡಿಯಲ್ಲಿ ಹುಬ್ಬು ನನ್ನ ಮಾತು ಕೇಳದ ಎಮ್ಮೆಕರುವಿನ ಹಾಗೆ ಎದ್ದು ನಿಂತಿತು. ಇದು ಕಿವಿಗೆ ಕಟ್ಟಿದ ಹುಬ್ಬು. ಕಿವಿ ಇರುವವರೆಗೆ ಇದು ಇಳಿಯುವುದಿಲ್ಲ ಎಂದು ಖಾತ್ರಿಯಾಯಿತು. ಹಾಗಾದರೆ ಕಿವಿಯನ್ನು ಮಕ್ಕಳ ಕಡೆ ಇಟ್ಟು ಹುಬ್ಬನ್ನು ಬೇರೆ ಕಡೆ ಇಡಬೇಕು.

ಮರುದಿನ ನಾನು ಮಕ್ಕಳಿಗೆ ಬೆನ್ನು ಹಾಕಿ ನಿಂತೆ. “ನಾ ಗ್ವಾಡಿ ನೋಡತೇನಿ. ನೀವು ಹೆಂಗ ಬೇಕಾದಂಗ ಹಾಡ್ರಿ.” ಮೊದಲು ನಾಲ್ಕೈದೇ ದನಿ ಬಂದವು. ಎರಡು ದಿನ ಕಳೆದ ಮೇಲೆ ಹತ್ತು ಹನ್ನೆರಡು. ಅವಸರದವನು ತನ್ನ ಅವಸರದ ಸಮೇತ ವಾಪಸು ಬಂದ. ನಾನು ಎಂದೂ ಅಷ್ಟು ಖುಷಿಯಿಂದ ತಪ್ಪು ಕೇಳಿರಲಿಲ್ಲ. ಗಂಗವ್ವ ಮಾತ್ರ ಬರಲಿಲ್ಲ.

ಪರೀಕ್ಷೆಯ ದಿನ ಧಾರವಾಡದಿಂದ ಪರೀಕ್ಷಕರು ಬಂದರು. ಕೋಟು ಹಾಕಿದ ಗಂಭೀರ ಮನುಷ್ಯ. ಅವರ ಪಕ್ಕದಲ್ಲಿ ರಾಘಪ್ಪ ಮಾಸ್ತರು, ದವಡೆಯಲ್ಲಿ ಅಡಕೆ. ನಾನು ಶ್ರುತಿ ಹಿಡಿದು ಕೊಟ್ಟು, ತಿರುಗಿ, ಕರಿಹಲಗೆಯ ಕಡೆ ಮುಖ ಮಾಡಿ ನಿಂತೆ.

“ಇದೇನಮ್ಮ ಪದ್ಧತಿ? ಶಿಕ್ಷಕಿ ಮಕ್ಕಳನ್ನ ನೋಡಬೇಕಲ್ಲ,” ಎಂದರು ಪರೀಕ್ಷಕರು.

“ನೋಡಿದ್ರ ಅವು ಹಾಡಂಗಿಲ್ಲರಿ,” ಅಂದೆ. ಮಾಸ್ತರು ಕೆಮ್ಮಿದರು. ಪರೀಕ್ಷಕರು ಏನೋ ಬರೆದುಕೊಂಡರು.

ಮಕ್ಕಳು ಶುರುಮಾಡಿದರು. ಮೊದಲ ಸಾಲು ಹೋಯಿತು. ಎರಡನೆಯ ಸಾಲಿನಲ್ಲಿ, ಗ ದಾಟುವಲ್ಲಿ, ಹಿಂದಿನಿಂದ ಒಂದು ದಪ್ಪ ದನಿ ಮೆಲ್ಲಗೆ ಒಳಗೆ ಬಂತು. ಬಂದದ್ದೇ ಆ ಇಲ್ಲದ ಮೆಟ್ಟಿಲಿನ ಮೇಲೆ ಪೂರ್ತಿ ಪಾದ ಊರಿ ನಿಂತಿತು. ನನ್ನ ಹುಬ್ಬು ಬೈತಲೆಯವರೆಗೆ ಹೋಯಿತು. ಕರಿಹಲಗೆಯ ಹೊರತು ಯಾರೂ ನೋಡಲಿಲ್ಲ. ಮೂರನೆಯ ಸಾಲಿಗೆ ಆ ದನಿ ಜೋರಾಯಿತು, ನಾಲ್ಕನೆಯದಕ್ಕೆ ಉಳಿದವರನ್ನೆಲ್ಲ ಹೊತ್ತುಕೊಂಡು ಹೊರಟಿತು. ನನ್ನ ಕಣ್ಣಲ್ಲಿ ನೀರು ಬಂತು. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಹಲಗೆಯನ್ನೇ ನೋಡುತ್ತಿದ್ದೆ.

“ತಪ್ಪು ಎಲ್ಲಾಯಿತು?” ಎಂದರು ಪರೀಕ್ಷಕರು.

“ಎರಡನೇ ಸಾಲಿನ್ಯಾಗ್ರಿ.”

“ಏನು?”

“ಭೂಪದಾಗ ಇಲ್ಲದ ಮ ಹತ್ತಿತ್ರಿ.”

“ಸರಿ. ಯಾರು?”

ಬೆನ್ನಿಗೆ ಮೂವತ್ತು ಜೋಡಿ ಕಣ್ಣು ಚುಚ್ಚುತ್ತಿದ್ದವು. ಯಾರು ಎಂದು ನನಗೆ ಗೊತ್ತಿತ್ತು. ಅವಳ ಉಸಿರೂ ನನಗೆ ಕೇಳುತ್ತಿತ್ತು. ಹೆಸರು ಹೇಳಿದರೆ ಫಸ್ಟ್ ಕ್ಲಾಸು, ಗುಡಗೇರಿಯ ಶಾಲೆ, ಕಾಲಿಗೆ ಕಟ್ಟಿಕೊಂಡ ಗಾಲಿ ನನ್ನದೇ. ಹೇಳದಿದ್ದರೆ ಸಂಜೆಯ ಚಹಾದವರೆಗೆ ಅಲ್ಲಾಡದೆ ಕೂಡುವ ಆ ಮನುಷ್ಯ. ಆ ಒಂದು ಕ್ಷಣ ನಾನು ಜೀವಮಾನದಲ್ಲಿ ಮೊದಲ ಸಲ ಅಲ್ಲಾಡದೆ ನಿಂತಿದ್ದೆ.

“ಗ್ವಾಡಿ ಕಡೆ ಮಾರಿ ಮಾಡಿ ನಿಂತಿದ್ದೆರಿ ಸರ್,” ಅಂದೆ. “ಹೆಂಗ ಕಾಣತೈತ್ರಿ?”

ಪರೀಕ್ಷಕರು ರಾಘಪ್ಪ ಮಾಸ್ತರನ್ನು ನೋಡಿದರು. ಕಾಣದೆಯೇ ಹೆಸರು ಹೇಳುವುದನ್ನು ನಮಗೆ ಒಂದು ವರ್ಷ ಕಲಿಸಿದವರು ಅವರೇ. ಮಾಸ್ತರು ಅಡಕೆಯನ್ನು ಆ ದವಡೆಯಿಂದ ಈ ದವಡೆಗೆ ದಾಟಿಸಿ, “ಖರೇ ಐತ್ರಿ, ಹೆಂಗ ಕಾಣತೈತಿ,” ಎಂದರು.

ಬಂದದ್ದು ಸೆಕೆಂಡ್ ಕ್ಲಾಸು. ಅಪ್ಪ ಯಾಕೆ ಅಂತ ಕೇಳಿದ, ನಡೆದದ್ದನ್ನು ಹೇಳಿದೆ. ಅವನ ಎಡ ಹುಬ್ಬು ಏರಿತು. “ಹಳ್ಳು ಕಂಡ ಮ್ಯಾಲೆ ಹೇಳಬೇಕವಾ,” ಅಂದ. ನನ್ನ ಎಡ ಹುಬ್ಬೂ ಏರಿತು. ತಂದೆ ಮಗಳು ಹಾಗೆ ಎದುರಾಬದುರು ಬಹಳ ಹೊತ್ತು ಕುಳಿತಿದ್ದೆವಂತೆ. ಒಳಗಿನಿಂದ ಬಂದ ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕದ್ದು ನನಗೆ ನೆನಪಿದೆ. ಮೊದಲು ಸೋತದ್ದು ಅಪ್ಪನ ಹುಬ್ಬು. ಮತ್ತೊಂದು ವರ್ಷ ನೋಡೋಣ ಅಂದ. ಹತ್ತಿ ವ್ಯಾಪಾರಿಯ ಮಗ ಅಷ್ಟು ದಿನ ಕಾಯಲಿಲ್ಲ. ಕೂಡುವುದೊಂದೇ ಅಲ್ಲ, ಏಳುವುದೂ ಅವನಿಗೆ ಗೊತ್ತಿತ್ತು ಅನ್ನಿ.

ಆಮೇಲೆ ನೌಕರಿ ಸಿಕ್ಕಿತು, ಊರೂರು ತಿರುಗಿದೆ, ಎಷ್ಟೋ ಕರಿಹಲಗೆ ನೋಡಿದೆ, ಕೊನೆಗೆ ಕುಂದಗೋಳದಲ್ಲೇ ನೆಲೆ ನಿಂತೆ. ಗಂಗವ್ವ ಒಮ್ಮೆ ಗುಡಗೇರಿ ಸಂತೆಯಲ್ಲಿ ಸಿಕ್ಕಿದ್ದಳು. ಮೆಣಸಿನಕಾಯಿ ರಾಶಿಯ ಹಿಂದೆ ಕುಳಿತು ಗಿರಾಕಿಗಳನ್ನು ಕೂಗುತ್ತಿದ್ದಳು. ಅದೇ ದಪ್ಪ ದನಿ. ಮುಖ ಕಾಣುವ ಮೊದಲೇ ಗುರುತು ಹಿಡಿದೆ. ಅವಳು ನನ್ನನ್ನು ನೋಡಿ, “ಅಕ್ಕಾರ, ಹುಬ್ಬ ಇನ್ನೂ ಹಂಗs ಐತಲ್ರಿ,” ಅಂದಳು. ಬೇಡ ಅಂದರೂ ಚೀಲಕ್ಕೆ ಒಂದು ಹಿಡಿ ಮೆಣಸಿನಕಾಯಿ ಹೆಚ್ಚಿಗೆ ಹಾಕಿದಳು.

ಇಷ್ಟನ್ನೂ ಬಾಜು ಮನೆಯ ಸೊಸೆಗೆ ಹೇಳಲು ಆಗಲಿಲ್ಲ. ಪ್ರಸಾದದ ತಟ್ಟೆ ಹಿಡಿದು ನಿಂತವಳಿಗೆ ಎಷ್ಟಂತ ಹೇಳುವುದು? ಆದರೆ ಆ ಚೌತಿಯ ದಿನ ಗೋಡೆಗೆ ಮುಖ ಮಾಡಿ ನಿಂತಾಗ ನಾನು ಮಾಸ್ತರ ನಾಲ್ಕನೆಯ ಪ್ರಶ್ನೆಯನ್ನು, ಯಾರು ಹಾಡಲಿಲ್ಲ ಎಂಬುದನ್ನು, ನನಗೆ ನಾನೇ ಕೇಳಿಕೊಂಡಿದ್ದೆ. ಅತ್ತೆ ಹಾಡುತ್ತಿದ್ದಳು, ಮಾವ ಹಾಡುತ್ತಿದ್ದ, ಓಣಿಯ ಹುಡುಗರು ಕಿರುಚುತ್ತಿದ್ದರು. ಸೊಸೆಯ ದನಿ ಇರಲಿಲ್ಲ. ಸಂಗೀತದ ಟೀಚರ್ ಬಂದಿದ್ದಾರೆ, ಜ್ವಾಕಿ, ಎಂದು ಯಾರೋ ಅವಳಿಗೆ ಹೇಳಿರಬೇಕು.

“ನನ್ನ ಹುಬ್ಬಿಗೆ ಒಂದು ಖೋಡಿ ಚಟ ಐತಿ,” ಎಂದಷ್ಟೇ ಹೇಳಿದೆ. “ಹಾಡಿನ ಟೈಮಿನ್ಯಾಗ ಯಾರಿಗೂ ತೋರಸಬಾರದು. ನೀ ನಿನ್ನ ಪಾಡಿಗೆ ಹಾಡವಾ.”

ನಿನ್ನೆ ಗಣಪತಿ ಕಳಿಸುವ ಆರತಿ. ನಾನು ನನ್ನ ಗೋಡೆಯ ಹತ್ತಿರ ಹೋಗಿ ನಿಂತೆ. ಕ್ಯಾಲೆಂಡರಿನ ಮೂಲೆ ಫ್ಯಾನಿನ ಗಾಳಿಗೆ ಪಟಪಟ ಬಡಿಯುತ್ತಿತ್ತು, ಅದೂ ಲಯ ಬಿಟ್ಟು. ಹಾಡು ಅರ್ಧಕ್ಕೆ ಬಂದಾಗ ಬಲಗಡೆಯಿಂದ ಒಂದು ಹೊಸ ದನಿ ಹೊರಟಿತು. ತಡವಾಗಿ ಬಂತು, ಒಂದು ಸ್ವರ ಕೆಳಗೆ ಬಂತು, ಸಾಲಿನ ಕೊನೆಗೆ ಉಸಿರು ಸಾಲದೆ ತುಂಡಾಯಿತು, ಮುಂದಿನ ಸಾಲಿಗೆ ಮತ್ತೆ ಎದ್ದಿತು. ನನ್ನ ಹುಬ್ಬು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ನಾನು ಆ ದನಿಯ ಕೈ ಹಿಡಿದುಕೊಂಡು ಆರತಿ ಮುಗಿಯುವವರೆಗೂ ಬಿಡಲಿಲ್ಲ, ತಿರುಗಿಯೂ ನೋಡಲಿಲ್ಲ.